ದೇವರ ಗೂಡಿನ ಸೆಕೆಕಡ್ಡಿ

ರಜೆಗೆ ಬಂದಿದ್ದಾಗ ನೀವೆಲ್ಲ ಸೇರಿ ನನ್ನ ಟ್ರಂಕಿನ ತಳದಿಂದ ಒಂದು ಮರದ ಪಟ್ಟಿ ತೆಗೆದು, "ಅಜ್ಜಿ, ಥರ್ಮಾಮೀಟರಿಗೆ ಯಾರು ಕುಂಕುಮ ಹಚ್ಚಿದ್ದು?" ಎಂದು ಕೇಳಿದಿರಿ. ನಾನು "ಯಾರೋ ಹಚ್ಚಿರಬೇಕು" ಎಂದು ಒಲೆಯ ಕಡೆ ಹೋದೆ. ಉತ್ತರ ಗೊತ್ತಿಲ್ಲದೆ ಅಲ್ಲ. ನಾಲ್ಕು ಜನ ನನ್ನ ಮುಖವನ್ನೇ ನೋಡುತ್ತಿದ್ದಾರೆ ಅಂದರೆ ಗೊತ್ತಿದ್ದ ಮಾತೂ ನನಗೆ ಗಂಟಲಲ್ಲೇ ನಿಲ್ಲುತ್ತದೆ. ನಮ್ಮೂರ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದ್ದೇನೆ, ಬರೆಯಲು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಗು ಬಂದರೆ ನಗಿ, ಆದರೆ ನನ್ನೆದುರಿಗೆ ಕೂತು ಓದಬೇಡಿ.

ಇದು ನಿಮ್ಮಲ್ಲಿ ದೊಡ್ಡವಳು ಐದು ತಿಂಗಳ ಕೂಸಾಗಿದ್ದಾಗಿನ ಸಂಗತಿ. ಈಗ ಅವಳು ಸೈಕಲ್ ಹೊಡೆದುಕೊಂಡು ಹೈಸ್ಕೂಲಿಗೆ ಹೋಗುತ್ತಾಳೆ, ಮಲಗಿದರೆ ಎಬ್ಬಿಸಲು ಮನೆಮಂದಿಯೆಲ್ಲ ಸೇರಬೇಕು. ಆಗ ಅವಳು ಮಲಗುತ್ತಲೇ ಇರಲಿಲ್ಲ.

ಮೊದಲು ಬೀಗರ ವಿಷಯ ಹೇಳಬೇಕು. ಬೀಗರು ಎಂದರೆ ನಿಮ್ಮಪ್ಪನ ಅಪ್ಪ, ಮೊಳಕಾಲ್ಮೂರಿನ ತಾತ. ಹೆಣ್ಣು ಕೊಟ್ಟ ಮನೆಯ ಹೆಂಗಸು ಮಗಳ ಮಾವನ ಮುಂದೆ ನಿಂತು ನೇರವಾಗಿ ಮಾತಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಮದುವೆಯಲ್ಲಿ ನಿಮ್ಮ ಅಜ್ಜನೇ ಎಲ್ಲ ಮಾತಾಡಿದರು. ಮುಂದಿನ ವರ್ಷ ಅವರು ತೀರಿಕೊಂಡರು. ಆಮೇಲೆ ನಡುವೆ ಮಾತು ದಾಟಿಸುವವರೇ ಇಲ್ಲದಂತಾಯಿತು. ಮೊಳಕಾಲ್ಮೂರಿಗೆ ಹೋದರೆ ಬೀಗರು ತಮ್ಮ ಮಗ್ಗದ ಕಡೆ ನೋಡುತ್ತ, "ಚಳ್ಳಕೆರೆ ಕಡೆ ಮಳೆ ಆಯ್ತೋ ಇಲ್ಲೋ" ಎನ್ನುವರು. ನಾನು ಕಂಬದ ಕಡೆ ತಿರುಗಿ, "ಹದವಾಗಿ ಆಗೈತೆ, ಶೇಂಗಾ ಚೆನ್ನಾಗೈತೆ" ಎನ್ನುವೆ. ಮಗ್ಗಕ್ಕೂ ಕಂಬಕ್ಕೂ ನಮ್ಮ ಕ್ಷೇಮಸಮಾಚಾರವೆಲ್ಲ ತಿಳಿದಿತ್ತು.

ಕೂಸು ಹುಟ್ಟಿದ ಮೇಲೆ ಅನುಕೂಲವಾಯಿತು. ಕೂಸಿಗೆ ಹೇಳಿದಂತೆ ಬೀಗರಿಗೆ ಹೇಳಬಹುದು. "ತಾತಗೆ ಹೇಳವ್ವ, ಕಾಫಿ ಆರ್ತೈತೆ ಅಂತ" ಎಂದರೆ ಸಾಕು. ಇದಕ್ಕೆ ಒಂದೇ ಕಟ್ಟಳೆ. ಕೂಸು ಎಚ್ಚರವಾಗಿರಬೇಕು. ನಿದ್ದೆಯಲ್ಲಿರುವ ಕೂಸಿಗೆ ಹೇಳಿದರೆ ಅದು ಮಾತಾಡಿದ ಹಾಗಲ್ಲ, ಒಬ್ಬರೇ ಗೊಣಗಿಕೊಂಡ ಹಾಗೆ. ಅದಕ್ಕೆ ಗಲ್ಲ ಮುಟ್ಟಿ, ಅದು ಕಣ್ಣು ಬಿಟ್ಟ ಮೇಲೆ ಮಾತು ಶುರು ಮಾಡುವುದು.

ಈ ಕಟ್ಟಳೆಯನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಚಳ್ಳಕೆರೆಯಲ್ಲಿರುವಾಗ ಕೂಸು ಹಳೇ ಸೀರೆಯ ತೊಟ್ಟಿಲಲ್ಲಿ ಚೆನ್ನಾಗಿಯೇ ಮಲಗುತ್ತಿತ್ತು. ಐದನೇ ತಿಂಗಳಿಗೆ ಮಡಿಲು ತುಂಬಿ ಮೊಳಕಾಲ್ಮೂರಿಗೆ ಕಳಿಸಿದೆವು. ಹದಿನೈದು ದಿನ ಕಳೆದಿರಲಿಲ್ಲ, ನಿಮ್ಮವ್ವ ಫೋನ್ ಮಾಡಿದಳು.

"ಅವ್ವಾ, ಕೂಸು ಮಲಗ್ತಿಲ್ಲ."

"ಹಲ್ಲು ಬರೋ ಹೊತ್ತೇನೋ."

"ಹಲ್ಲಲ್ಲ ಅವ್ವಾ. ಆಸ್ಪತ್ರೆ ಸಿಸ್ಟರ್ ಬಂದು ತೂಕ ಹಾಕಿದ್ರು. ಹೋದ ತಿಂಗಳು ಎಷ್ಟಿತ್ತೋ ಅಷ್ಟೇ ಐತೆ. ನಿದ್ದೆ ಮಾಡಿದ್ರೆ ಹಾಲು ಕುಡೀತೈತೆ, ಹಾಲು ಕುಡಿದ್ರೆ ತೂಕ ಏರ್ತೈತೆ ಅಂದ್ರು. ಇನ್ನು ಹದಿನೈದು ದಿನಕ್ಕೆ ಬರ್ತಾರಂತೆ. ಆಗ್ಲೂ ಏರಿಲ್ಲ ಅಂದ್ರೆ ಜಿಲ್ಲಾಸ್ಪತ್ರೆಗೆ ಬರ್ಕೊಡ್ತಾರಂತೆ." ಅಷ್ಟು ಹೇಳುವಷ್ಟರಲ್ಲಿ ಅವಳು ಎರಡು ಸಲ ಮೂಗೆಳೆದಳು. ಅಳುತ್ತಿದ್ದಾಳೆಂದು ಗೊತ್ತಾಯಿತು.

ನಿಮ್ಮವ್ವನಿಗಿಂತ ಮೊದಲು ನನಗೊಂದು ಕೂಸು ಹುಟ್ಟಿತ್ತು. ಅದು ಉಳಿಯಲಿಲ್ಲ. ಚಳಿಗಾಲದಲ್ಲಿ ಹೋಯಿತು. ಅದರ ಬಗ್ಗೆ ನಾನು ಯಾರೊಂದಿಗೂ ಮಾತಾಡಿದವಳಲ್ಲ. ಆದರೆ ಅಂದಿನಿಂದ, ಕೂಸು ಮಲಗುತ್ತಿಲ್ಲ ಅಂದರೆ ಅದಕ್ಕೆ ಚಳಿಯೇ ಕಾರಣವೆಂಬುದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಫೋನಿಟ್ಟವಳೇ ಅಟ್ಟದ ಮೇಲಿದ್ದ ಕಂಬಳಿ ಇಳಿಸಿದೆ. ನಮ್ಮ ಮಾವನವರು ಕೈಯಾರೆ ನೇಯ್ದು, ಹುಣಸೆಬೀಜದ ಗಂಜಿ ಹಚ್ಚಿ ಒಣಗಿಸಿದ ಕರಿ ಕಂಬಳಿ ಅದು. ನೆಲದ ಮೇಲೆ ಮಡಿಸಿ ನಿಲ್ಲಿಸಿದರೆ ಗೋಡೆಯ ಹಾಗೆ ನಿಲ್ಲುತ್ತಿತ್ತು. ಜೊತೆಗೆ, ಬೀಗರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಗಾಣದ ಶೇಂಗಾ ಎಣ್ಣೆ ಒಂದು ಕ್ಯಾನು ಹಿಡಿದುಕೊಂಡು ಬಸ್ಸು ಹತ್ತಿದೆ. ಆ ಎಣ್ಣೆ ಮುಂದೆ ಮಾಡುವ ಅನಾಹುತ ನನಗೆ ಗೊತ್ತಿರಲಿಲ್ಲ.

ಕಾರ್ತಿಕ ಮಾಸ. ಹಗಲು ಹಿತವಾದ ಬಿಸಿಲು, ಬೆಳಗ್ಗೆ ಸಂಜೆ ಒಳ್ಳೆಯ ಚಳಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬೀಗರ ಮನೆ ತಲುಪಿದವಳು ಹೊಸ್ತಿಲಲ್ಲೇ ನಿಂತುಬಿಟ್ಟೆ. ನಡುಮನೆಯ ನೆಲವೆಲ್ಲ ಒದ್ದೆ. ಕಿಟಕಿಗಳಿಗೆ ಗೋಣಿಚೀಲ ನೇತುಹಾಕಿ ನೀರು ಚಿಮುಕಿಸಿದ್ದರು, ಅದು ತೊಟ್ಟಿಕ್ಕುತ್ತಿತ್ತು. ಬೀಗರು ಸ್ವೆಟರ್ ಹಾಕಿ, ಮಫ್ಲರ್ ಸುತ್ತಿ, ಕೈಯಲ್ಲಿ ತಂಬಿಗೆ ಹಿಡಿದು ನಿಂತಿದ್ದರು. ಬೀಗತಿ ಶಾಲು ಹೊದ್ದು ರಾಟೆಯ ಮುಂದೆ ಕೂತು ರೇಷ್ಮೆ ಸುತ್ತುತ್ತಿದ್ದರು. ಚಾಪೆಯ ಮೇಲೆ, ಮೈಮೇಲೊಂದು ತುಂಡು ಬಟ್ಟೆ ಬಿಟ್ಟರೆ ಬೇರೇನೂ ಇಲ್ಲದ ಕೂಸು ಕೈಕಾಲು ಬಡಿದು ಅಳುತ್ತಿತ್ತು.

"ಇದೇನೇ ಇದು?" ಎಂದು ನಿಮ್ಮವ್ವನನ್ನು ಕೇಳಿದೆ.

"ಸೆಕೆ ಅಂತೆ ಅವ್ವಾ." ಅವಳಿಗೂ ಹಲ್ಲು ಕಟಕಟ ಅನ್ನುತ್ತಿತ್ತು.

"ಯಾರಂದ್ರು?"

"ಕಡ್ಡಿ."

ಅವಳು ತೋರಿಸಿದ ಕಡೆ ನೋಡಿದೆ. ದೇವರ ಗೂಡಿನಲ್ಲಿ ದೀಪ ಉರಿಯುತ್ತಿತ್ತು. ದೀಪದ ನೇರ ಮೇಲೆ, ಗೂಡಿನ ಅಂಚಿನ ಮೊಳೆಗೆ ಒಂದು ಮರದ ಪಟ್ಟಿ ತೂಗುಹಾಕಿದ್ದರು. ಅದರಲ್ಲಿ ಗಾಜಿನ ಕೊಳವೆ, ಕೊಳವೆಯೊಳಗೆ ಕೆಂಪು ಗೆರೆ. ಪಟ್ಟಿಗೆ ಅರಿಶಿನ ಬಳಿದು, ನಡುವೆ ಕುಂಕುಮದ ದಪ್ಪ ಬೊಟ್ಟಿಟ್ಟು, ಮೇಲೊಂದು ಚೆಂಡುಹೂವು ಸಿಕ್ಕಿಸಿದ್ದರು.

ಆಗಿದ್ದು ಹೀಗೆ. ಕೂಸು ಮಲಗುತ್ತಿಲ್ಲವೆಂದು ನಿಮ್ಮಪ್ಪ ತನ್ನ ಗೆಳೆಯನೊಬ್ಬನಿಗೆ ಹೇಳಿದ್ದಾನೆ. ಆ ಗೆಳೆಯ ಗೌರಸಮುದ್ರದ ಕಡೆ ರೇಷ್ಮೆಹುಳು ಸಾಕುವವನು. "ಹುಳಕ್ಕೆ ಸೆಕೆ ಒಂಚೂರು ಹೆಚ್ಚು ಕಮ್ಮಿ ಆದ್ರೂ ಸೊಪ್ಪು ತಿನ್ನೋದು ಬಿಡ್ತಾವೆ. ಕೂಸಿಗೂ ಹಂಗೇ ಇರ್ಬೇಕು" ಎಂದು ತನ್ನ ಹುಳುಮನೆಯಲ್ಲಿದ್ದ ಥರ್ಮಾಮೀಟರನ್ನೂ, ಹುಳುವಿಗೆ ಯಾವ ವಯಸ್ಸಿಗೆ ಎಷ್ಟು ಡಿಗ್ರಿ ಇರಬೇಕೆಂದು ಬರೆದ ಕಾಗದದ ಪಟ್ಟಿಯನ್ನೂ ಕೊಟ್ಟು ಕಳಿಸಿದ್ದಾನೆ. ಮನೆಗೆ ಬಂದ ಹೊಸ ಸಾಮಾನನ್ನು ದೇವರ ಮುಂದಿಟ್ಟು ಪೂಜೆ ಮಾಡದೆ ಬಳಸುವ ಮನೆ ಅದಲ್ಲ. ಮಗ್ಗಕ್ಕೆ ಹೊಸ ಲಾಳಿ ಬಂದರೂ ಹಾಗೆಯೇ, ಹೊಸ ಮಿಕ್ಸಿ ಬಂದರೂ ಹಾಗೆಯೇ. ಪೂಜೆಯಾದ ಮೇಲೆ ಬೀಗರಿಗೆ ಅನ್ನಿಸಿತಂತೆ, ಕೂಸಿನ ಜೀವ ಕಾಯುವ ಸಾಮಾನು, ಕಂಡಕಂಡ ಗೋಡೆಗೆ ಯಾಕೆ, ದೇವರ ಸಮ್ಮುಖದಲ್ಲೇ ಇರಲಿ ಎಂದು. ಬೀಗತಿ ಅದಕ್ಕೆ ಸೆಕೆಕಡ್ಡಿ ಎಂದು ಹೆಸರಿಟ್ಟರು.

ಬೀಗರು ದಿನಕ್ಕೆ ಎರಡು ಸಲ ಅದನ್ನು ನೋಡುತ್ತಿದ್ದರು. ಬೆಳಗ್ಗೆ ದೀಪ ಹಚ್ಚಿ ಕೈಮುಗಿದ ಮೇಲೆ, ಸಂಜೆ ದೀಪ ಹಚ್ಚಿ ಕೈಮುಗಿದ ಮೇಲೆ. ಎರಡು ಹೊತ್ತೂ ಕೆಂಪು ಗೆರೆ ಕುಂಕುಮದ ಬೊಟ್ಟು ದಾಟಿ ಮೂವತ್ತೆಂಟರ ಹತ್ತಿರ ನಿಂತಿರುತ್ತಿತ್ತು. ಹುಳುವಿನ ಪಟ್ಟಿಯಲ್ಲಿ ಇಪ್ಪತ್ತೈದರ ಆಸುಪಾಸು ಎಂದಿತ್ತು. ಬೀಗರು ಮಫ್ಲರ್ ಬಿಗಿ ಮಾಡಿಕೊಂಡು, "ಕಾರ್ತಿಕದಲ್ಲೂ ಈಪಾಟಿ ಧಗೆ. ಕಾಲ ಕೆಟ್ಟೋಯ್ತು" ಎಂದು ನಡುಗುತ್ತ ನೀರು ಚಿಮುಕಿಸುತ್ತಿದ್ದರು. ನಗಬೇಡಿ. ಒಣಹವೆಯಲ್ಲಿ ರೇಷ್ಮೆ ಎಳೆ ಪಟಪಟನೆ ತುಂಡಾಗುತ್ತದೆಂದು ಮಗ್ಗದ ಗುಂಡಿಯ ಸುತ್ತ ನೀರು ಚಿಮುಕಿಸುತ್ತಲೇ ಬೆಳೆದ ಕೈ ಅದು. ಎಳೆಗೆ ಒಳ್ಳೆಯದಾದದ್ದು ಕೂಸಿಗೆ ಕೆಟ್ಟದ್ದು ಹೇಗಾದೀತು?

ನಾನು ಒಳಗೆ ಹೋದವಳೇ ಕಂಬಳಿ ಬಿಚ್ಚಿ ಕೂಸಿಗೆ ಹೊದಿಸಿದೆ. ಕೂಸು ಕಾಣದಂತಾಯಿತು. ಅಳು ಮಾತ್ರ ಕೇಳುತ್ತಿತ್ತು, ಅದೂ ದೂರದಿಂದ ಬಂದ ಹಾಗೆ. ಬೀಗರು ಬಂದು ಕಂಬಳಿಯ ಅಂಚು ಸರಿಸಿ, ಕೂಸಿನ ಮುಖ ಹುಡುಕಿ, ಗಲ್ಲ ಮುಟ್ಟಿದರು. ಆಂಧ್ರದ ಗಡಿಯ ಮನುಷ್ಯ, ಮುದ್ದು ಬಂದರೂ ಸಿಟ್ಟು ಬಂದರೂ ಮೊದಲು ತೆಲುಗಿನಲ್ಲೇ ಶುರು.

"ಚೂಡು ಬಂಗಾರಂ, ನಿಮ್ಮವ್ವನ ಅವ್ವಗೆ ಹೇಳು. ಕಂಬಳಿ ಕುರಿಗೆ ಚೆಂದ, ಕೂಸಿಗಲ್ಲ ಅಂತ."

ಎದುರಿಗೆ ಮಾತು ಬಾರದ ನನಗೆ ಕೂಸಿನ ಮುಖ ನೋಡಿದರೆ ಎಲ್ಲಿಂದಲೋ ಧೈರ್ಯ ಬರುತ್ತಿತ್ತು. "ತಾತಗೆ ಹೇಳವ್ವ, ಕುರಿ ಮೈಮೇಲಿರೋದು ಉಣ್ಣೆ. ಅದನ್ನ ಕತ್ತರಿಸಿ ನೂತು ನೇಯೋದು ಮನುಷ್ಯರಿಗೇ ಅಂತ."

"ಕಂಬಳಿ ತೂಕ ಕೂಸಿಗಿಂತ ಜಾಸ್ತಿ ಐತೆ ಅಂತ ಹೇಳು."

"ಗೋಣಿಚೀಲದ ನೀರಿನ ತೂಕ ಅದಕ್ಕಿಂತ ಜಾಸ್ತಿ ಅಂತ ಹೇಳವ್ವ."

"ರೇಷ್ಮೆಹುಳ ಎಂಥಾ ನಾಜೂಕು ಗೊತ್ತೇನು ಅಂತ ಕೇಳು. ಅದೇ ತಣ್ಣಗಿದ್ರೆ ಬದುಕ್ತೈತೆ."

"ಹುಳಕ್ಕೆ ಅವ್ವ ಇಲ್ಲ, ಅದಕ್ಕೇ ಅದಕ್ಕೆ ಕಡ್ಡಿ ಬೇಕು ಅಂತ ಹೇಳವ್ವ ತಾತಗೆ."

ಬೀಗತಿ ರಾಟೆ ತಿರುಗಿಸುತ್ತಲೇ ನಕ್ಕರು. "ಆ ಕೂಸಿಗೆ ಮಾತು ಬಂದಿದ್ರೆ ಇಬ್ರಿಗೂ ಸೇರಿಸಿ ಬೈತಿತ್ತು" ಎಂದರು.

ಹೀಗೆ ದಿನಗಳು ನಡೆದವು. ಬೀಗರು ನೀರು ಚಿಮುಕಿಸಿ ಹೋದೊಡನೆ ನಾನು ಕಂಬಳಿ ಹೊದಿಸುವೆ. ನಾನು ಹಿತ್ತಲಿಗೆ ಹೋದೊಡನೆ ಬೀಗರು ಕಂಬಳಿ ತೆಗೆಯುವರು. ತೆಗೆದದ್ದಕ್ಕೆ ಕಾರಣ ಹೇಳಬೇಕಲ್ಲ, ಕೂಸಿನ ಗಲ್ಲ ಮುಟ್ಟಿ ಎಬ್ಬಿಸುವರು. ಹೊದಿಸಿದ್ದಕ್ಕೆ ಕಾರಣ ಹೇಳಲು ನಾನು ಎಬ್ಬಿಸುವೆ. ಒಮ್ಮೆ ಬೀಗರು ಹುಳುವಿನ ಪಟ್ಟಿಯನ್ನೇ ಹಿಡಿದು ಬಂದು ಕೂಸಿನ ಮುಂದೆ ಓದಿದರು. ಎಳೆಹುಳುವಿಗೆ ಒಂದು ಲೆಕ್ಕ, ಬಲಿತ ಹುಳುವಿಗೆ ಇನ್ನೊಂದು ಲೆಕ್ಕ ಇತ್ತು. "ನೀನು ಎಳೇದೋ ಬಲಿತಿದ್ದೋ ನಿಮ್ಮವ್ವನ ಅವ್ವನ್ನ ಕೇಳು" ಎಂದರು. ಐದು ತಿಂಗಳಾದ್ದರಿಂದ ನಡುವಿನದು ಇರಬೇಕೆಂದು ನಾನೂ ಗಂಭೀರವಾಗಿ ಯೋಚಿಸಿ ಕೂಸಿನ ಮೂಲಕ ಉತ್ತರ ಕೊಟ್ಟೆ. ಆಗ ನಮ್ಮಿಬ್ಬರಲ್ಲಿ ಯಾರಿಗೂ ನಗು ಬರಲಿಲ್ಲ. ಕೂಸು ಮಾತ್ರ ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡುತ್ತ ಕೆಂಪು ಕಣ್ಣು ಬಿಟ್ಟುಕೊಂಡು ಮಲಗಿರುತ್ತಿತ್ತು.

ವಾರ ಕಳೆದ ಮೇಲೆ ಸಿಸ್ಟರ್ ಪಕ್ಕದ ಮನೆಗೆ ಚುಚ್ಚುಮದ್ದಿಗೆ ಬಂದವರು ನಮ್ಮಲ್ಲಿಗೂ ಇಣುಕಿದರು. ಅವರು ಗಟ್ಟಿಗಿತ್ತಿ, ಮೆಲುದನಿಯಲ್ಲಿ ಬೈಯುವವರು.

"ಇದು ಕೂಸಿನ ಮನೇನೋ ಹುಳದ ಮನೇನೋ?"

ಬೀಗರು ಹೆಮ್ಮೆಯಿಂದ ದೇವರ ಗೂಡು ತೋರಿಸಿದರು. ಸಿಸ್ಟರ್ ದೂರದಿಂದಲೇ ಕಣ್ಣು ಕಿರಿದು ಮಾಡಿ ನೋಡಿ, "ಕುಂಕುಮ ಬಿಟ್ರೆ ಏನೂ ಕಾಣಲ್ಲ" ಎಂದು ಕೂಸಿನ ಬಳಿ ಕೂತರು. "ಕಡ್ಡಿನೂ ಬ್ಯಾಡ, ಏನೂ ಬ್ಯಾಡ. ಕತ್ತಿನ ಹಿಂದೆ ಎರಡು ಬೆರಳು ಇಟ್ಟು ನೋಡ್ರಿ. ಬೆವರಿದ್ರೆ ಒಂದು ಬಟ್ಟೆ ತೆಗೀರಿ. ತಣ್ಣಗಿದ್ರೆ ಒಂದು ಹಾಕ್ರಿ. ಅಂಗೈ ಅಂಗಾಲು ತಣ್ಣಗಿದ್ರೆ ಹೆದರಬ್ಯಾಡ್ರಿ, ಕೂಸಿಗೆ ಹಂಗೇ ಇರ್ತೈತೆ. ಮುಖದ ಮೇಲೆ ಏನೂ ಬರಬಾರ್ದು. ಇನ್ನೊಂದು ವಾರ ಐತೆ, ನೆನಪಿರಲಿ."

ಅವರು ಹೋದ ಮೇಲೆ ಬೀಗರು ಕೂಸನ್ನು ಎಬ್ಬಿಸಿ ಕೇಳಿದರು. "ಕತ್ತಿನ ಮೇಲೆ ನಂಬರ್ ಎಲ್ಲೈತೆ ಬಂಗಾರಂ? ನಂಬರ್ ಇಲ್ದಿದ್ದು ಲೆಕ್ಕಕ್ಕೆ ಬರ್ತೈತಾ?"

ನನಗೂ ಸಿಸ್ಟರ್ ಮಾತು ಹಿಡಿಸಿರಲಿಲ್ಲ. ಅಂಗಾಲು ತಣ್ಣಗಿದ್ದರೆ ಹೆದರಬೇಡಿ ಎಂದದ್ದು ನನಗೆ ಸೇರಲಿಲ್ಲ. ಆ ವಿಷಯದಲ್ಲಿ ನಾವು ಬೀಗರಿಬ್ಬರೂ ಮೊದಲ ಸಲ ಒಂದೇ ಪಕ್ಷದಲ್ಲಿದ್ದೆವು.

ಅದಾಗಿ ಎರಡನೇ ದಿನ ಬೆಳಗ್ಗೆ ಹತ್ತರ ಹೊತ್ತು. ಬೀಗತಿ ಹಿತ್ತಲಲ್ಲಿದ್ದರು. ದೇವರ ಗೂಡಿನ ದೀಪ ಎಣ್ಣೆ ತೀರಿ, ಬತ್ತಿ ಕಪ್ಪಾಗಿ ಆರಿಹೋಯಿತು. ನಾನು ಅಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಸುಮ್ಮನೆ ಕಣ್ಣು ಮೇಲೆ ಹೋಯಿತು. ಬೊಟ್ಟಿನ ಮೇಲಿದ್ದ ಕೆಂಪು ಗೆರೆ ನಿಧಾನವಾಗಿ ಬೊಟ್ಟಿನೊಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಬೊಟ್ಟಿನ ಕೆಳಗೆ ಹೊರಬಂತು. ಸುಲಿದ ಕಾಳನ್ನು ಸಿಪ್ಪೆಯ ಬುಟ್ಟಿಗೆ ಹಾಕುತ್ತಿದ್ದುದೂ ನನಗೆ ತಿಳಿಯಲಿಲ್ಲ. ಬೀಗತಿ ಬಂದು, "ಅಯ್ಯೋ ಶಿವನೇ, ಇಷ್ಟು ಎಣ್ಣೆ ಇಟ್ಕೊಂಡೂ ಕಾರ್ತಿಕದಲ್ಲಿ ದೀಪ ಆರಿಸಿದೆನಲ್ಲ" ಎಂದು ನಾನು ತಂದ ಕ್ಯಾನಿನಿಂದ ಎಣ್ಣೆ ಸುರಿದು ಹಚ್ಚಿದರು. ಗೆರೆ ಮತ್ತೆ ಮೇಲೇರಿತು.

ಮೊದಲೆಲ್ಲ ಆ ದೀಪ ಪೂಜೆಯ ಹೊತ್ತು ಉರಿದು ಆರುತ್ತಿತ್ತಂತೆ. ನನ್ನ ಎಣ್ಣೆ ಬಂದಮೇಲೆ ಕೈ ಧಾರಾಳವಾಗಿ ದಿನವಿಡೀ ಉರಿಯುತ್ತಿತ್ತು. ನಾನು ಕಂಬಳಿಯನ್ನೂ ತಂದಿದ್ದೆ, ಎರಡು ಹೊತ್ತು ಮಾತ್ರ ಇದ್ದ ಸೆಕೆಯನ್ನು ದಿನವಿಡೀ ಉಳಿಸುವ ಎಣ್ಣೆಯನ್ನೂ ನಾನೇ ಕ್ಯಾನಿನಲ್ಲಿ ತಂದಿದ್ದೆ.

ನಾನೇ ಎದ್ದು ಕಡ್ಡಿಯನ್ನು ಬೇರೆ ಮೊಳೆಗೆ ಹಾಕಬಹುದಿತ್ತು ಎನ್ನುವಿರಿ. ಬೀಗರ ಮನೆಯ ದೇವರ ಗೂಡಿಗೆ ಕೈಹಾಕುವಷ್ಟು ಧೈರ್ಯ ನನಗಿರಲಿಲ್ಲ. ನಿಮ್ಮವ್ವನಿಗೆ ಹೇಳಿದೆ. ಅವಳು ನಿದ್ದೆಗೆಟ್ಟು ಗೋಡೆಗೆ ಒರಗಿ ಕೂತಿದ್ದಳು. "ನೀನೇ ಹೇಳವ್ವಾ. ನಾನು ಹೇಳಿದ್ರೆ ಮಾವ ನಿಮ್ಮವ್ವ ಹೇಳಿಕೊಟ್ಟಳು ಅಂತ..." ಎಂದವಳು ಆ ಮಾತಿನ ನಡುವೆಯೇ ನಿದ್ದೆಹೋದಳು. ಬೀಗತಿಗೆ ಹೇಳಿದೆ.

"ನನ್ನ ಕೈಲಾಗಲ್ಲಮ್ಮ" ಎಂದರು ಅವರು. "ಮದ್ವೆಯಾದಾಗಿಂದ ಹೇಳ್ತಾನೇ ಇದೀನಿ, ಒಂದನ್ನೂ ಕೇಳಿದ ಮನುಷ್ಯ ಅಲ್ಲ. ನಿಮ್ಮ ಬಾಯಿ ಹೊಸದು, ನೀವೇ ಹೇಳ್ರಿ."

ಹಾಗಾಗಿ ಸಂಜೆ ಬೀಗರು ಪೂಜೆ ಮುಗಿಸಿ ತಿರುಗಿದಾಗ ನಾನು ಕೂಸಿನ ಗಲ್ಲ ಮುಟ್ಟಿದೆ. "ಕೂಸೇ, ತಾತಗೆ ಹೇಳವ್ವ. ಕಡ್ಡಿ ಕೆಳಗೆ ದೀಪ ಐತೆ..." ಅಷ್ಟರಲ್ಲಿ ಕೂಸು ಕಿರುಚಿತು. ಅದುವರೆಗೆ ಅತ್ತದ್ದೆಲ್ಲ ಅಳುವೇ ಅಲ್ಲ ಎನ್ನುವ ಹಾಗೆ, ಮುಖ ನೇರಳೆಯಾಗುವ ಹಾಗೆ ಕಿರುಚಿತು.

"ಏನಂತೆ?" ಎಂದು ಬೀಗರು ಕೂಸನ್ನೇ ಕೇಳಿದರು.

ಕೂಸು ಕಿರುಚಿತು.

"ದೀಪದ ಸೆಕೆ..." ಎಂದೆ ನಾನು ಕೂಸಿಗೆ.

"ಸೆಕೆ ಅಂತಾರಾ? ಮತ್ತೆ, ನಾನು ಮೊದಲಿಂದ ಅದನ್ನೇ ಅಲ್ವಾ ಹೇಳ್ತಿರೋದು" ಎಂದು ಬೀಗರು ಸಮಾಧಾನದಿಂದ ಇನ್ನೊಂದು ಗೋಣಿಚೀಲ ನೆನೆಸಲು ಹೋದರು. ಆ ರಾತ್ರಿ ನಾನು ಊಟ ಬಿಟ್ಟೆ. ಸಿಸ್ಟರ್ ಬರಲು ಐದು ದಿನ ಉಳಿದಿತ್ತು.

ಮರುದಿನ ಮಧ್ಯಾಹ್ನ ನಿಮ್ಮಪ್ಪ ಹೊರಗೆ ಹೋಗಿದ್ದ, ಬೀಗತಿ ಯಾರದೋ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದರು. ಬೀಗರು ಒಂದು ಎಳೆ ಸಿಕ್ಕಾಗಿದೆಯೆಂದು ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಅದನ್ನು ಬಿಡಿಸುತ್ತ, ಬಹಳ ಹೊತ್ತು ಮಾತಿಲ್ಲದೆ ಕೂತಿದ್ದರು. ನಿಮ್ಮವ್ವ ಕೂಸಿಗೆ ಹಾಲು ಕುಡಿಸುತ್ತ ಹಾಗೇ ಅಡ್ಡಾಗಿದ್ದಳು. ನಾನು ಕಂಬಳಿ ಹೊದಿಸಿ ಪಕ್ಕದಲ್ಲಿ ಕೂತಿದ್ದೆ. ಮನೆ ಸದ್ದಿಲ್ಲದೆ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಬಗ್ಗಿ ನೋಡಿದರೆ ಕೂಸು ಮಲಗಿದೆ. ಬಾಯಿ ಅರ್ಧ ತೆರೆದು, ಮುಷ್ಟಿ ಸಡಿಲವಾಗಿ, ನಿಜವಾದ ನಿದ್ದೆ. ನಿಮ್ಮವ್ವನೂ ಹಾಗೇ ಮಲಗಿದ್ದಾಳೆ. ನಾನು ಉಸಿರನ್ನೂ ಮೆಲ್ಲಗೆ ಬಿಟ್ಟೆ.

ಆಗ ಬೀಗರು ಎದ್ದರು. ದೇವರ ಗೂಡಿನ ಕಡೆ ನೋಡಿದರು. ದೀಪ ಉರಿಯುತ್ತಲೇ ಇತ್ತು, ಗೆರೆ ಬೊಟ್ಟಿನ ಮೇಲೇ ಇತ್ತು. ತಂಬಿಗೆ ತುಂಬಿಕೊಂಡು ಕಿಟಕಿಯ ಗೋಣಿಚೀಲದ ಕಡೆ ಬಂದರು. ಕಿಟಕಿ ಇದ್ದದ್ದು ಕೂಸಿನ ತಲೆಯ ಮೇಲೆ. ನೀರು ಚಿಮುಕಿಸಿದರೆ ನಾಲ್ಕು ಹನಿಯಾದರೂ ಅದರ ಮುಖದ ಮೇಲೆ ಬೀಳುವುದು ಖಂಡಿತ.

ತಡೆಯಬೇಕು. ತಡೆಯಬೇಕಾದರೆ ಹೇಳಬೇಕು. ಹೇಳಬೇಕಾದರೆ ಕೂಸನ್ನು ಎಬ್ಬಿಸಬೇಕು. ಅಭ್ಯಾಸದಿಂದ ನನ್ನ ಕೈ ಅದರ ಗಲ್ಲದ ಹತ್ತಿರ ಹೋಗಿ ಗಾಳಿಯಲ್ಲೇ ನಿಂತಿತು. ತಲೆಯೆತ್ತಿ ನೋಡಿದೆ. ಬೀಗರಿಗೂ ಕಂಬಳಿ ತೆಗೆಯಿರಿ ಎಂದು ನನಗೆ ಹೇಳಬೇಕಿತ್ತೆಂದು ಕಾಣುತ್ತದೆ. ಅವರೂ ಬಗ್ಗಿ, ಕೂಸಿನ ಗಲ್ಲದ ಕಡೆ ಬೆರಳು ಚಾಚಿ, ಹಾಗೇ ನಿಂತಿದ್ದರು. ನಡುವೆ ಕೂಸು ಮಲಗಿತ್ತು. ಅದರ ಎರಡು ಗಲ್ಲಗಳ ಮೇಲೆ ಎರಡು ಬೆರಳುಗಳು, ಒಂದು ಚಳ್ಳಕೆರೆಯದು, ಒಂದು ಮೊಳಕಾಲ್ಮೂರಿನದು.

ಆ ಬೆರಳುಗಳನ್ನು ನೋಡಿದಾಗ ನನಗೆ ತಿಳಿಯಿತು. ಚಳಿಯೂ ಅಲ್ಲ, ಸೆಕೆಯೂ ಅಲ್ಲ, ಇಷ್ಟು ದಿನ ಈ ಕೂಸನ್ನು ಎಬ್ಬಿಸುತ್ತಿದ್ದವರು ನಾವೇ ಎಂದು.

ಕಂಬದ ಕಡೆ ತಿರುಗಲು ನೋಡಿದೆ. ಕಂಬಕ್ಕೆ ಹೇಳುವಷ್ಟು ಹೊತ್ತಿರಲಿಲ್ಲ. ಬೀಗರ ಮುಖವನ್ನೇ ನೋಡಿ, ಪಿಸುಮಾತಿನಲ್ಲಿ ಹೇಳಿದೆ.

"ಬೀಗರೇ, ನೀರು ಹಾಕಬ್ಯಾಡ್ರಿ. ಕೂಸು ಮಲಗೈತೆ. ಕಡ್ಡಿ ಹೇಳ್ತಿರೋದು ದೀಪದ ಸೆಕೆ, ಮನೇದಲ್ಲ."

ಮದುವೆಯಾದಾಗಿನಿಂದ ಅದೇ ಮೊದಲು. ಬೀಗರು ಬೆಚ್ಚಿಬಿದ್ದರು. ಮಗ್ಗವೇ ಬಾಯಿ ಬಿಟ್ಟು ಮಾತಾಡಿದ್ದರೂ ಅಷ್ಟು ಬೆಚ್ಚುತ್ತಿರಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದರು. ಎರಡನೇ ಹೆಜ್ಜೆಗೆ ನೆಲವಿರಲಿಲ್ಲ, ಮಗ್ಗದ ಗುಂಡಿ ಇತ್ತು. ಧಡಕ್ಕನೆ ಗುಂಡಿಯ ಅಂಚಿನ ಮೇಲೆ ಕೂತುಬಿಟ್ಟರು. ಕಾಲು ಎಂದಿನ ಜಾಗಕ್ಕೇ ಹೋಗಿ ಸೇರಿತು. ತಂಬಿಗೆಯನ್ನು ಮಾತ್ರ ಬಿಡಲಿಲ್ಲ, ಅದರ ನೀರು ಪೂರ್ತಿ ಅವರ ಸ್ವೆಟರಿನ ಮೇಲೆ ಹೋಯಿತು. ಬಾಯಿ ತೆರೆದರು, ಆದರೆ ಕೂಗಲಿಲ್ಲ. ತಣ್ಣೀರಿಗೆ ಕಣ್ಣು ಅಗಲಿಸಿ, ತುಟಿ ಕಚ್ಚಿ, ಕೂಸಿನ ಕಡೆ ನೋಡಿದರು.

ಕೂಸು ಮಲಗೇ ಇತ್ತು.

"ದೀಪದ್ದಾ?" ಎಂದರು ಪಿಸುಮಾತಿನಲ್ಲಿ. ನೀರು ತೊಟ್ಟಿಕ್ಕುತ್ತಿತ್ತು.

"ದೀಪ ಆರಿದಾಗ ಇಳೀತೈತೆ. ನಾನು ನೋಡಿದೀನಿ."

ಅವರು ತುದಿಗಾಲಲ್ಲಿ ಹೋಗಿ, ಕೈಮುಗಿದು, ಕಡ್ಡಿಯನ್ನು ಮೊಳೆಯಿಂದ ಬಿಡಿಸಿ, ಕೂಸಿನಿಂದ ಮಾರುದೂರದಲ್ಲಿ ಕಂಬಕ್ಕೆ ತೂಗುಹಾಕಿದರು. ಇಬ್ಬರೂ ಕಂಬದ ಮುಂದೆ ನಿಂತು ನೋಡಿದೆವು. ಗೆರೆ ಇಳಿಯುತ್ತ ಇಳಿಯುತ್ತ ಬೊಟ್ಟಿನ ಕೆಳಗೆ, ಇಪ್ಪತ್ನಾಲ್ಕರಲ್ಲಿ ನಿಂತಿತು. ಬೀಗರು ಕಡ್ಡಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರು.

"ದೇವರ ಮುಂದೆ ನಿಂತು ಸುಳ್ಳು ಹೇಳ್ತಲ್ಲ ಇದು."

"ಸುಳ್ಳು ಹೇಳಿಲ್ರೀ. ದೀಪದ ಮೇಲೆ ಕೂರಿಸಿ ಕೇಳಿದ್ರಿ, ದೀಪದ ಸಮಾಚಾರ ಹೇಳ್ತು."

ಅವರು ನನ್ನ ಕಡೆ ಓರೆಗಣ್ಣಿನಿಂದ ನೋಡಿದರು. "ಸರಿ. ಇನ್ನು ನಿಮ್ದು ನೋಡೋಣ. ಕತ್ತಿನ ಹಿಂದೆ ಕೈ ಇಡ್ರಿ."

ನಾನು ಕಂಬಳಿಯೊಳಗೆ ಕೈ ತೂರಿಸಿ ಕೂಸಿನ ಕತ್ತಿನ ಹಿಂದೆ ಎರಡು ಬೆರಳಿಟ್ಟೆ. ತೆಗೆದು ನೋಡಿಕೊಂಡೆ. ಬೆರಳು ಒದ್ದೆಯಾಗಿತ್ತು. ತಲೆಗೂದಲು ಬೆವರಿಗೆ ಅಂಟಿಕೊಂಡಿತ್ತು. ಗೋಣಿಚೀಲದ ಕೆಳಗೆ ನಡುಗುವ ಮನೆಯಲ್ಲಿ ನನ್ನ ಕಂಬಳಿಯೊಳಗೆ ಕೂಸು ಬೇಯುತ್ತಿತ್ತು.

ಕಂಬಳಿಯ ಅಂಚು ಹಿಡಿದೆ, ಆದರೆ ಎತ್ತಲು ಕೈ ಬರಲಿಲ್ಲ. ಬೀಗರು ನೋಡುತ್ತಿದ್ದರು. ಆಗ ಅವರಿಗೆ ಹೇಳಿದೆ, ನಿಮ್ಮವ್ವನಿಗಿಂತ ಮೊದಲು ಒಂದಿತ್ತು, ಚಳಿಗಾಲದಲ್ಲಿ ಹೋಯಿತು ಎಂದು. ಅಷ್ಟೇ ಹೇಳಿದ್ದು. ಕೂಸಿಗೆ ಹೇಳಬಹುದಾದ ಮಾತಲ್ಲ ಅದು, ಕಂಬಕ್ಕೂ ಅಲ್ಲ.

ಬೀಗರು ಒದ್ದೆ ಮಫ್ಲರನ್ನು ಬಿಚ್ಚಿ ಹಿಂಡಿದರು. "ತೆಗೀರಿ" ಎಂದರು ಮೆಲ್ಲಗೆ. "ಹಳೇ ಸೀರೆ ಎರಡು ಪದರ ಹೊದಿಸ್ರಿ. ಗೋಣಿಚೀಲ ನಾನು ತೆಗೀತೀನಿ. ಇಬ್ರೂ ಇಲ್ಲೇ ಕೂತಿರ್ತೀವಲ್ಲ, ತಣ್ಣಗಾದ್ರೆ ಗೊತ್ತಾಗ್ತೈತೆ."

ಕಂಬಳಿ ತೆಗೆದೆ. ಅವರು ಸದ್ದಾಗದ ಹಾಗೆ ಒಂದೊಂದೇ ಗೋಣಿಚೀಲ ಬಿಚ್ಚಿ ಹಿತ್ತಲಿಗೆ ಒಯ್ದರು. ಬಿಸಿಲು ಒಳಗೆ ಬಂತು. ಅವರು ಸ್ವೆಟರ್ ಬದಲಿಸಿ ಬಂದು ಮಗ್ಗದ ಅಂಚಿನಲ್ಲಿ ಕೂತರು, ನಾನು ಕಂಬಕ್ಕೆ ಒರಗಿ ಕೂತೆ. 'ಇನ್ನೇನು ಏಳುತ್ತದೆ' ಎಂದು ಕಾದೆವು. ಏಳಲಿಲ್ಲ. ಸುಮ್ಮನೆ ಕೂತಿರಲು ಇಬ್ಬರಿಗೂ ಮುಜುಗರ. ಬೀಗರೇ ಪಿಸುಮಾತಿನಲ್ಲಿ ಶುರು ಮಾಡಿದರು.

"ಮದ್ವೇಲಿ ನಿಮ್ಮ ಕಡೆ ಸಾರಿಗೆ ಉಪ್ಪೇ ಇರ್ಲಿಲ್ಲ. ಹೇಳೋಣ ಅಂದ್ರೆ ಹೇಳೋರಿರ್ಲಿಲ್ಲ."

"ನಿಮ್ಮ ಕಡೆಯೋರು ಎರಡು ಸಲ ಹಾಕಿಸ್ಕೊಂಡ್ರಲ್ಲ?"

"ಉಪ್ಪು ಹುಡುಕೋಕೆ" ಎಂದರು ಬೀಗರು.

ನಾನು ಸೆರಗು ಬಾಯಿಗೆ ಒತ್ತಿ ನಕ್ಕೆ. ಮದುವೆಯಿಂದೀಚೆ ಉಳಿದಿದ್ದ ಮೂರು ವರ್ಷದ ಮಾತು ಆ ಮಧ್ಯಾಹ್ನ ಆಡಿದೆವು. ನಡುನಡುವೆ ಒಮ್ಮೆ ಅವರು, ಒಮ್ಮೆ ನಾನು ಎದ್ದು ಹೋಗಿ ಕತ್ತಿನ ಹಿಂದೆ ಬೆರಳಿಟ್ಟು ಬರುತ್ತಿದ್ದೆವು. ಬೆಚ್ಚಗಿತ್ತು, ಒಣಗಿತ್ತು. ದೀಪ ಹಚ್ಚುವ ಹೊತ್ತಿಗೆ ಬೀಗತಿ ಬಂದು, ಒಣಗಿದ ನೆಲ, ತೆರೆದ ಕಿಟಕಿ, ಪಿಸುಗುಡುತ್ತ ಕೂತ ನಮ್ಮಿಬ್ಬರನ್ನು ನೋಡಿ ಬಾಗಿಲಲ್ಲೇ ಚಪ್ಪಲಿ ಬಿಡುವುದನ್ನು ಮರೆತು ನಿಂತರು. "ತಪ್ಪು ಮನೆಗೆ ಬಂದ್ನಾ?" ಎಂದರು. ಇಬ್ಬರೂ ಒಟ್ಟಿಗೆ ತುಟಿಯ ಮೇಲೆ ಬೆರಳಿಟ್ಟೆವು.

ಉಳಿದ ದಿನಗಳಲ್ಲಿ ಕೂಸು ಮಲಗಿತು, ಎದ್ದಾಗ ಹಾಲು ಕುಡಿಯಿತು, ಮತ್ತೆ ಮಲಗಿತು. ಹದಿನೈದನೇ ದಿನ ಸಿಸ್ಟರ್ ತಕ್ಕಡಿ ತಂದು ತೊಲೆಗೆ ಸಿಕ್ಕಿಸಿ, ಕೂಸನ್ನು ಬಟ್ಟೆಯ ಜೋಳಿಗೆಯಲ್ಲಿ ತೂಗುಬಿಟ್ಟರು. ನಿಮ್ಮವ್ವ ಕಣ್ಣು ಮುಚ್ಚಿಕೊಂಡಳು. ನಾನು ಕಂಬ ಹಿಡಿದುಕೊಂಡೆ. ಮುಳ್ಳು ಹಳೆಯ ಗೆರೆಯ ಹತ್ತಿರ ಬಂದು, ಅದನ್ನು ದಾಟಿ, ಒಳ್ಳೆಯ ದೂರ ಹೋಗಿ ನಿಂತಿತು. ಸಿಸ್ಟರ್ ಎರಡು ಸಲ ನೋಡಿ ಕಾರ್ಡಿನಲ್ಲಿ ಬರೆದುಕೊಂಡರು. "ಜಿಲ್ಲಾಸ್ಪತ್ರೆ ಬ್ಯಾಡ. ಏನು ಮಾಡಿದ್ರಿ?" ಎಂದರು. ಬೀಗರು ಮಗ್ಗದ ಕಡೆ ನೋಡಿದರು, ನಾನು ಕಂಬದ ಕಡೆ ನೋಡಿದೆ. ಕೂಸು ಜೋಳಿಗೆಯಲ್ಲೇ ನಿದ್ದೆಹೋಗಿತ್ತು.

ನಾನು ಊರಿಗೆ ಹೊರಟ ದಿನ ಬೀಗರು ಕಂಬಳಿಯನ್ನು ಇಟ್ಟುಕೊಂಡರು. ಮಡಿಸಿ ಮಗ್ಗದ ಗುಂಡಿಯ ಅಂಚಿಗೆ ಹಾಕಿ ಅದರ ಮೇಲೆ ಕೂತು ನೇಯುತ್ತಾರೆ, ನೀವೆಲ್ಲ ನೋಡಿದ್ದೀರಿ. ಬದಲಿಗೆ ಕಡ್ಡಿಯನ್ನು ನನಗೆ ಕೊಟ್ಟರು. ಹುಳು ಸಾಕುವವನಿಗೆ ಹೊಸದೊಂದು ಕೊಡಿಸಿದರಂತೆ. ಕೊಡುವಾಗ ಕೂಸು ನಿಮ್ಮವ್ವನ ಕಂಕುಳಲ್ಲಿ ಎಚ್ಚರವಾಗಿತ್ತು. ಹಾಗಾಗಿ ಬೀಗರು ಅದರ ಕಡೆ ತಿರುಗಿ, "ನಿಮ್ಮವ್ವನ ಅವ್ವಗೆ ಹೇಳು ಬಂಗಾರಂ, ದೀಪದ ಮೇಲೆ ಮಾತ್ರ ಹಾಕಬ್ಯಾಡ ಅಂತ" ಎಂದರು. ನಾನೂ ಕೂಸಿಗೆ, "ತಾತಗೆ ಹೇಳವ್ವ, ಆಯ್ತು ಅಂತ" ಎಂದೆ.

ಈಗಲೂ ಹಾಗೆಯೇ. ನೀವು ಎದ್ದಿರುವಾಗ ನಮ್ಮಿಬ್ಬರ ಮಾತು ನಿಮ್ಮ ಮೂಲಕವೇ ಹೋಗುತ್ತದೆ, ನಿಮಗೆ ಗೊತ್ತಿರುವುದು ಅದೊಂದೇ. ನೀವೆಲ್ಲ ಮಲಗಿದ ಮಧ್ಯಾಹ್ನಗಳಲ್ಲಿ ನಾನೂ ನಿಮ್ಮ ತಾತನೂ ಒಬ್ಬರೊಬ್ಬರ ಮುಖ ನೋಡಿ ಪಿಸುಮಾತಿನಲ್ಲಿ ಮಾತಾಡುತ್ತೇವೆ. ದೊಡ್ಡವಳೇ, ನೀನು ಚೆನ್ನಾಗಿ ಮಲಗಲಿ ಎಂದು ನಾವಿಬ್ಬರೂ ಬಯಸಿದ್ದು ಮೊದಮೊದಲು ನಿನ್ನ ತೂಕಕ್ಕಾಗಿ. ಆಮೇಲಾಮೇಲೆ ಅದಕ್ಕೆ ಮಾತ್ರ ಅಲ್ಲ.